ಕೊರೆಯದ ಕಿವಿ

ಉಟಗಿಯ ಕುರಿಗಾರರಲ್ಲಿ ಮರಿಯ ಕಿವಿ ಕೊರೆಯುವುದು ಇಬ್ಬರ ಕೆಲಸ. ಒಬ್ಬ ಮರಿಯನ್ನು ತೊಡೆಯ ಮೇಲೆ ಒತ್ತಿ ಹಿಡಿಯಬೇಕು. ಇನ್ನೊಬ್ಬ ಬೀರದೇವರ ಹೆಸರು ಹೇಳಿ ಮನೆತನದ ಗುರುತನ್ನು ಕಿವಿಯಲ್ಲಿ ಕತ್ತರಿಸಿ, ಗಾಯಕ್ಕೆ ದೇವರ ಅರಿಸಿನಪುಡಿ ಭಂಡಾರವನ್ನು ಮೆತ್ತಬೇಕು. ಅಮಸಿದ್ದನ ಮನೆಯ ಗುರುತು ಎಡಗಿವಿಯಲ್ಲಿ ಕವಲು. ಅಣ್ಣ ಭರಮಣ್ಣ ಹಿಡಿಯುತ್ತಿದ್ದ, ಅಮಸಿದ್ದ ಕೊರೆಯುತ್ತಿದ್ದ. ಅಪ್ಪ ತೀರಿದ ಮೇಲೆ ಅಣ್ಣತಮ್ಮಂದಿರು ಬಾಯಿಬಿಟ್ಟು ನಗುತ್ತಿದ್ದುದೂ ಆ ಹೊತ್ತಿನಲ್ಲೇ.

೧೯೬೧ರಲ್ಲಿ ಕಂಬಳಿ ಮಾರಲು ಸೊಲ್ಲಾಪುರಕ್ಕೆ ಹೋದಾಗ, ಕಂಬಳಿ ಕೊಂಡ ಗಿರಣಿ ಕಾರ್ಮಿಕನೊಬ್ಬ ಅಮಸಿದ್ದನ ಕೈಗೆ ಚೀನಾದಲ್ಲಿ ಅಚ್ಚಾದ ಹಿಂದಿ ಪತ್ರಿಕೆಯೊಂದನ್ನು ಇಟ್ಟ. ಮನೆಯಲ್ಲಿ ಆಡುವುದು ಕನ್ನಡ, ಊರು ಗಡಿಯಾಚೆಯ ಮರಾಠಿ ಸೀಮೆಯದು, ಸಾಲಿಯಲ್ಲಿ ಕಲಿಸಿದ್ದು ಮರಾಠಿ. ಹೀಗಾಗಿ ಕನ್ನಡದ ಈ ಮನುಷ್ಯನಿಗೆ ಕನ್ನಡ ಓದಲು ಬಾರದು, ಲಿಪಿ ಮರಾಠಿಯದೇ ಆದ್ದರಿಂದ ಪೀಕಿಂಗಿನಿಂದ ಬಂದ ಹಿಂದಿಯನ್ನು ಅಕ್ಷರ ಕೂಡಿಸಿ ಓದಬಲ್ಲ! ಗಡಿ ಎಳೆದವರು ಕೊಟ್ಟ ವಿದ್ಯೆ ಇದು.

ಪತ್ರಿಕೆಯಲ್ಲಿ ಒಂದು ಹೊಲ. ಕಣ್ಣು ಹಾಯುವ ತನಕ ಬದುವೇ ಇಲ್ಲ. ಗೋಧಿಯ ನಡುವೆ ನಗುವ ಜನ. ಇದಕ್ಕೆ ಕಮ್ಯೂನ್ ಎನ್ನುತ್ತಾರೆ, ಇಲ್ಲಿ ನಂದು ನಿಂದು ಇಲ್ಲ, ಊರೆಲ್ಲ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತದೆ ಎಂದು ಬರೆದಿತ್ತು. ಅದೇ ವರ್ಷಗಳಲ್ಲಿ ಅದೇ ಕಮ್ಯೂನುಗಳಲ್ಲಿ ಜನ ಕೋಟಿಗಟ್ಟಲೆ ಹಸಿದು ಸತ್ತರು. ಬಣ್ಣದ ಕಾಗದ ಅದನ್ನು ಹೇಳಲಿಲ್ಲ. ಆ ಕಾಗದ ಹಂಚಿದವರೂ ಹೇಳಲಿಲ್ಲ. ಕುರಿ ಕಾಯುವವನು ಯಾರ ಬಾಗಿಲಿಗೆ ಹೋಗಿ ಕೇಳಬೇಕಿತ್ತು?

ಅಮಸಿದ್ದ ಆ ಚಿತ್ರವನ್ನು ಗೋಡೆಗೆ ಹಚ್ಚಿದ. ಅಣ್ಣನ ಮುಂದೆಯೂ, ಕಾಕಾನ ಮಗ ತುಕಾರಾಮನ ಮುಂದೆಯೂ ಮಾತು ತೆಗೆದ. ಎರಡೂ ಮನೆಯ ಹಿಂಡು ಕೂಡಿಸೋಣ, ಹುಟ್ಟಿದ ಮರಿಗೆ ಯಾರ ಗುರುತೂ ಬೇಡ ಎಂದ.

"ಚೀನಾದಾಗ ಕುರಿಗೆ ಕಿವಿ ಇರ್ತಾವೋ ಇಲ್ಲೋ?" ಎಂದು ಭರಮಣ್ಣ ನಕ್ಕ.

"ನಗಬ್ಯಾಡೋ ಅಣ್ಣಾ," ಎಂದ ತುಕಾರಾಮ. "ಹಿಂಡು ಒಂದಾದ್ರ ಒಬ್ಬ ಕಾಯ್ತಾನ, ಇಬ್ಬರು ಮಲಗಬಹುದು. ನನಗಂತೂ ಚೀನಾ ಚಲೋ ಕಾಣತೈತಿ."

ನಿದ್ದೆಯ ಆಸೆಗೆ ಕ್ರಾಂತಿ ಆಯಿತು, ಭರಮಣ್ಣನೂ ಒಪ್ಪಿ ಹಿಂಡು ಒಂದಾಯಿತು. ಆ ವರ್ಷ ಹುಟ್ಟಿದ ಮರಿಗಳ ಕಿವಿಗೆ ಯಾರೂ ಕತ್ತಿ ತಾಗಿಸಲಿಲ್ಲ.

೧೯೬೨ರ ದೀಪಾವಳಿಯ ಹೊತ್ತಿಗೆ ಚೀನಾದ ಸೈನ್ಯ ಗಡಿ ದಾಟಿತ್ತು. ಗೋಡೆಯ ಚಿತ್ರದ ಸುದ್ದಿ ಯಾರೋ ಮುಟ್ಟಿಸಿದರು, ಪೊಲೀಸರ ಜೀಪು ಬಂತು. ಹಿಮಾಲಯವನ್ನು ಕನಸಿನಲ್ಲೂ ಕಾಣದವನು ದೇಶದ್ರೋಹಿಯಾದ. ಒಬ್ಬ ಪೊಲೀಸ ಭರಮಣ್ಣನನ್ನು ಕೇಳಿದ, "ಇವ ನಿಮ್ಮ ಮನಿಯಾವನೇನು?"

ಭರಮಣ್ಣ ನೆಲ ನೋಡಿದ. "ತಮ್ಮನ ರೀ. ಆದ್ರ ನಾವು ಬ್ಯಾರಿ ಆಗೀವ್ರಿ. ಅವನ ಒಲಿ ಬ್ಯಾರಿ ರೀ."

ಸುಳ್ಳು. ಆ ಮುಂಜಾನೆಯೂ ಇಬ್ಬರೂ ಒಂದೇ ಒಲೆಯ ರೊಟ್ಟಿ ತಿಂದಿದ್ದರು. ಊರನ್ನು ಕೂಡಿಸಲು ಹೊರಟವನು ಅಣ್ಣನ ಒಂದು ಮಾತಿನಲ್ಲಿ ಮನೆಯಿಂದ ಪಾಲಾಗಿ ಹೋದ.

ವರ್ಷ ತುಂಬುತ್ತ ಬಂದಾಗ ಅವನನ್ನು ಜೈಲಿನಿಂದ ಬಿಟ್ಟರು. ಅಷ್ಟರಲ್ಲಿ ಹಿಂಡು ಒಡೆದಿತ್ತು. ಭರಮಣ್ಣ, ತುಕಾರಾಮ ದೊಡ್ಡ ಕುರಿಗಳನ್ನು ಗುರುತು ನೋಡಿ ಹಂಚಿಕೊಂಡರು. ಕಿವಿ ಕೊರೆಯದವುಗಳಿಗಾಗಿ ಬಡಿದಾಟವಾಯಿತು. ಮೊಲೆ ಬಿಟ್ಟ ಮರಿಗೆ ತಾಯಿಯೂ ಸಾಕ್ಷಿ ಹೇಳುವುದಿಲ್ಲ. ಕಡೆಗೆ ಇಬ್ಬರೂ ದಣಿದು, "ಚೀನಾದ್ದು ಚೀನಾಗ ಹೋಗ್ಲಿ" ಎಂದು ಆ ಮರಿಗಳನ್ನು ಅಮಸಿದ್ದನಿಗೆ ಬಿಟ್ಟುಕೊಟ್ಟರು.

ಅವನು ಊರ ಹೊರಗೆ ಬೀಳು ಬಿದ್ದ ಪಡದಲ್ಲಿ ಗುಡಿಸಲು ಹಾಕಿದ. ಹೆಣ್ಣು ಕೊಡಲು ಯಾರೂ ಮುಂದಾಗಲಿಲ್ಲ. ಹೆಸರೇ ಚೀನಾ ಆಯಿತು. ಸಂಜೆ ಹಿಂಡು ಮುಳ್ಳುಬೇಲಿಯ ತಡೆಯೊಳಗೆ ಸೇರಿದ ಮೇಲೆ ಮಾತಾಡಲು ಯಾರೂ ಇಲ್ಲದೆ ದಿನದ ಸುದ್ದಿಯನ್ನು ನಾಯಿಗೆ ಹೇಳುತ್ತಿದ್ದ. ಹುಟ್ಟಿದ ಮರಿಗಳ ಕಿವಿ ಮಾತ್ರ ಕೊರೆಯಲಿಲ್ಲ. ಅದರಲ್ಲಿ ಸಿದ್ಧಾಂತವೆಷ್ಟು, ಹಿಡಿಯಲು ಇನ್ನೊಬ್ಬನಿಲ್ಲದ್ದೆಷ್ಟು? ಅವನೂ ಬಿಡಿಸಿ ನೋಡಲು ಹೋಗಲಿಲ್ಲ.

ಹೀಗೇ ಕೂದಲು ನೆರೆಯಿತು. ೧೯೭೯ರ ಒಂದು ಸಂತೆಯ ದಿನ ಉಮದಿಯ ಕಿರಾಣಿ ಅಂಗಡಿಯಲ್ಲಿ ರೇಡಿಯೋ ಮರಾಠಿಯಲ್ಲಿ ಸುದ್ದಿ ಹೇಳುತ್ತಿತ್ತು. ಅಂಗಡಿಯ ಅಣ್ಣಾರಾಯ ಕೂಗಿ ಕರೆದ.

"ಏ ಚೀನಾ, ಬಾ ಇಲ್ಲೆ! ಕೇಳಿದೇನು? ನಿಮ್ಮವರು ಹೊಲಾ ತಿರುಗಿ ಮನಿಮನಿಗೆ ಹಂಚಾಕ ಹತ್ಯಾರಂತ. ಕೆಲವು ಕಡೆ ಸುರು ಆಗೈತಂತ."

"ಮತ್ತ ಕಮ್ಯೂನು?"

"ಹೊಟ್ಟಿಗೆ ಸಾಲಲಿಲ್ಲಂತ. ಅವರೇ ಬಿಟ್ಟ್ರು, ನೀ ಒಬ್ಬಾವ ಕಾಯ್ಕೋತ ಕುಂತಿ ನೋಡು!"

ಅಂಗಡಿಯೆಲ್ಲ ನಕ್ಕಿತು. ಅಮಸಿದ್ದ ಉಪ್ಪು ಕಟ್ಟಿಸಿಕೊಳ್ಳುವುದನ್ನೂ ಮರೆತು ನಡೆದ.

ಮರುದಿನ ಎಳೆಯ ಮರಿಯೊಂದನ್ನು ಹೆಗಲಿಗೇರಿಸಿ, ಭಂಡಾರದ ಚೀಲ ಸೊಂಟಕ್ಕೆ ಸಿಕ್ಕಿಸಿ ಅಣ್ಣನ ಅಂಗಳಕ್ಕೆ ಬಂದ. ಬೇಕಾಗಿದ್ದು ಇಷ್ಟೇ, ಅಣ್ಣ ಮರಿಯನ್ನು ಹಿಡಿಯಬೇಕು.

"ಅಣ್ಣಾ, ಹಿಡಿ. ನಮ್ಮ ಗುರುತು ಹಾಕೂಣು."

ಭರಮಣ್ಣ ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡ. ಹಿಡಿತ ಹಳೆಯದೇ. ಅಮಸಿದ್ದ ಕತ್ತಿ ತೆಗೆದ. ಅಣ್ಣನ ಅಂಗೈ ಮರಿಯ ಎಡಗಿವಿಯನ್ನು ಮುಚ್ಚಿತು.

"ಬ್ಯಾಡೋ ತಮ್ಮಾ. ಕವಲು ಈಗ ನನ್ನ ಮಕ್ಕಳ ಗುರುತು. ನಾಳೆ ಇದು ಯಾರದಂತ ಕೇಳ್ತಾರ, ಮತ್ತ ಬಡಿದಾಟ. ನಿನಗ ನಿನ್ನ ಗುರುತು ಐತೆಲ್ಲ."

"ನನಗೆಲ್ಲಿ ಗುರುತು?"

"ಕೊರೀದ ಕಿವಿ! ಉಮದಿಯಿಂದ ಬಾಲಗಾಂವ ತನಕ ಯಾರನ್ನರ ಕೇಳು. ಕಿವಿ ಪೂರಾ ಇದ್ರ ಅದು ಅಮಸಿದ್ದನ ಕುರಿ ಅಂತಾರ. ಕಳ್ಳ ಸೈತ ಮುಟ್ಟೂದಿಲ್ಲ."

ಅಮಸಿದ್ದನ ಕತ್ತಿ ಕೈಯಲ್ಲೇ ನಿಂತಿತು. ಯಾರದ್ದೂ ಆಗದಿರಲಿ ಎಂದು ಬಿಟ್ಟ ಕಿವಿ ಅವನೊಬ್ಬನ ಸೊತ್ತಿನ ಮುದ್ರೆಯಾಗಿತ್ತು. ಇಷ್ಟು ವರ್ಷ ಇದು ಊರಿಗೆಲ್ಲ ಗೊತ್ತಿತ್ತು, ಅವನಿಗೊಬ್ಬನಿಗೆ ಗೊತ್ತಿರಲಿಲ್ಲ.

"ಕುಂದ್ರು, ರೊಟ್ಟಿ ತಿಂದು ಹೋಗು," ಎಂದ ಭರಮಣ್ಣ, ಮುಖ ತಿರುಗಿಸಿಕೊಂಡು.

ಅವನು ಕುಳಿತ. ಅಣ್ಣನ ಹೆಂಡತಿ ಯಮನವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮರಿ ಹಿಡಿತದಿಂದ ಜಾರಿ, ಅಂಗಳದ ಮೂಲೆಯಲ್ಲಿ ಕಟ್ಟಿದ್ದ ಅಣ್ಣನ ಮರಿಗಳೊಳಗೆ ಹೊಕ್ಕು ಕೂತಿತು. ತಟ್ಟೆ ಹಿಡಿದು ಹೊರಬಂದ ಯಮನವ್ವ ಮರಿಗಳತ್ತ ಒಮ್ಮೆ ಕಣ್ಣು ಹಾಯಿಸಿದಳು. ಸಿಟ್ಟೂ ಇಲ್ಲ, ಯೋಚನೆಯೂ ಇಲ್ಲ, ರೂಢಿಯ ಕಣ್ಣು.

"ಅಯ್ಯ, ಇದು ಚೀನಾಂದು ಹೊಕ್ಕೈತಿ ನೋಡ್ರಿ," ಎಂದು ಕಾಲಿನಿಂದ ಮೆಲ್ಲಗೆ ಮರಿಯನ್ನು ಹೊರಗೆ ದಬ್ಬಿದಳು.

ಅಮಸಿದ್ದ ರೊಟ್ಟಿಯನ್ನು ಪೂರ್ತಿ ತಿಂದ. ಕೈ ತೊಳೆದುಕೊಂಡು, ಮರಿಯನ್ನು ಹೆಗಲಿಗೆ ಹಾಕಿಕೊಂಡು ಪಡದ ದಾರಿ ಹಿಡಿದ. ಸೊಂಟದ ಚೀಲದಲ್ಲಿ ಭಂಡಾರ ಕಟ್ಟಿದ್ದ ಹಾಗೇ ಇತ್ತು.