ಸುಶೀಲವ್ವ ಹೇಳಿದ ಮೊದಲ ಚಳಿಗಾಲ

ನನ್ನ ಗೆಳೆಯ ರೇವಣಸಿದ್ದಪ್ಪನವರು ಈ ಪರದೇಶದ ನ್ಯೂಮಾರ್ಕೆಟ್ ಎಂಬ ಊರಿನ ಸರ್ಕಾರಿ ಕಚೇರಿಯೊಂದರಲ್ಲಿ, ಮನೆ ಕಟ್ಟುವವರಿಗೆ ಪರವಾನಗಿ ಕೊಡುವ ಗುಮಾಸ್ತರಾಗಿ ಇಪ್ಪತ್ತೊಂಬತ್ತು ವರ್ಷ ದುಡಿದು ನಿವೃತ್ತರಾದವರು. ವಾನ್ ಊರಿನ ಸುತ್ತ ಬರಿಯ ಹೊಲಗಳಿದ್ದಾಗ ಬಂದು ನೆಲೆಸಿದ, ತಮ್ಮದೂ ಸೇರಿದ ಮೊದಲ ಕನ್ನಡ ಮನೆಗಳ ಕಥೆಯನ್ನು ಅವರು ಅಂದಿನಿಂದಲೂ ನೋಟುಬುಕ್ಕುಗಳಲ್ಲಿ ಬರೆದಿಡುತ್ತ ಬಂದಿದ್ದಾರೆ. ಎಷ್ಟು ಅಂಗುಲ ಹಿಮ ಬಿತ್ತು, ಯಾರ ಮನೆಯ ಹೀಟರು ಕೆಟ್ಟಿತು, ಎಲ್ಲವೂ ತಾರೀಖಿನೊಡನೆ.

ಈ ವರ್ಷ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಆ ಮನೆಗಳವರು ಇಲ್ಲಿ ಕಳೆದ ಮೊದಲ ಚಳಿಗಾಲದ ಕುರಿತು ಒಂದೇ ಲೇಖನಕ್ಕೆ ಜಾಗವಿತ್ತು. ಅದು ತಮ್ಮದೇ ಎಂದು ಅವರು ನಂಬಿದ್ದರು. ನೋಟುಬುಕ್ಕು ಒಯ್ಯಲು ಬಂದ ಸಂಪಾದಕಿ ನೀಲಾಂಬಿಕಾ, ಚಹಾ ಆಗುವವರೆಗೆ ಅಡುಗೆಮನೆಯಲ್ಲಿ ಅವರ ಹೆಂಡತಿ ಸುಶೀಲವ್ವ ಆ ಚಳಿಗಾಲವನ್ನು ನೆನೆಯುವುದನ್ನು ಕೇಳುತ್ತ ನಿಂತಳು. ಅದನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡಳು. ಕೊನೆಗೆ ಆರಿಸಿದ್ದು ಅದನ್ನೇ.

ಅಂದಿನಿಂದ ರೇವಣಸಿದ್ದಪ್ಪನವರಿಗೆ ಊಟ ರುಚಿಸಲಿಲ್ಲ. ನಾನು ಹೋದಾಗ ಹೆಂಡತಿಯ ಲೇಖನದ ಕರಡನ್ನು ಮುಂದಿಟ್ಟುಕೊಂಡು, ಕೆಂಪು ಪೆನ್ನು ಹಿಡಿದು ಕುಳಿತಿದ್ದರು. ತಪ್ಪಿದ್ದರೆ ತಿದ್ದಿಕೊಡಿರೆಂದು ನೀಲಾಂಬಿಕಾ ಕಳುಹಿಸಿದ್ದಳು.

“ನೋಡ್ರಿ ಮಾಸ್ತರ, ಚಾ ಕಾಸಿಕೋತ ಇಪ್ಪತ್ತು ನಿಮಿಷ ಮಾತಾಡ್ಯಾಳ. ನಾ ನಲವತ್ತು ವರ್ಷ ಬರದೀನಿ. ಸಂಕ್ರಾಂತಿ ದಿನ ಆ ದೊಡ್ಡ ಹಿಮ ಬಿತ್ತಂತ. ಬಿದ್ದದ್ದು ಆರು ದಿನ ಬಿಟ್ಟು.”

“ತಿದ್ರಿ, ತಿದ್ರಿ,” ಎಂದರು ಸುಶೀಲವ್ವ ಒಳಗಿನಿಂದ. “ಹಿಮಕ್ಕೂ ನೀವ ಪರ್ಮಿಟ್ ಕೊಟ್ಟಿರ್ಬೇಕು.”

ಮೂರನೆಯ ಪುಟಕ್ಕೆ ಬಂದಾಗ ರೇವಣಸಿದ್ದಪ್ಪನವರ ಪೆನ್ನು ನಿಂತಿತು. ಗಂಡ ಕಚೇರಿಗೆ ಹೋದ ಮೇಲೆ ತಾನು ದಿನವೂ ಬೇಸ್‌ಮೆಂಟಿಗಿಳಿದು ಅಳುತ್ತಿದ್ದೆನೆಂದೂ, ಪಕ್ಕದ ಮನೆಯ ಇಟಲಿಯ ಮುದುಕಿಯೊಬ್ಬಳು ಬಂದು ಜೊತೆಗೆ ಕೂರುತ್ತಿದ್ದಳೆಂದೂ ಅಲ್ಲಿತ್ತು. ಅವರು ಎದ್ದು ಆ ಚಳಿಗಾಲದ ನೋಟುಬುಕ್ಕು ತೆಗೆದರು. ಪ್ರತಿ ದಿನದ ಕೊನೆಗೂ ಅವರ ಕೈಬರಹದಲ್ಲಿ ಒಂದೇ ಸಾಲು: ‘ಮನೆಯಲ್ಲಿ ಕ್ಷೇಮ.’

“ನನಗ್ಯಾಕ ಹೇಳಲಿಲ್ಲ?”

“ನೀವು ಬಂದಕೂಡಲೇ ಬರಿಯಾಕ ಕುಂದರ್ತಿದ್ರಿ.”

“ಆಕೀಗೆ ಹೇಳಿದಿ. ಯಾವ ಭಾಷಾದಾಗ?”

“ನನ್ನ ಮಾತು ಆಕೀಗೆ ತಿಳೀತಿರಲಿಲ್ಲ, ಆಕೀ ಮಾತು ನನಗ ತಿಳೀತಿರಲಿಲ್ಲ. ಇಬ್ರೂ ಬೀನ್ಸಿನ ನಾರು ಸೋಸಿಕೋತ ಕುಂದರ್ತಿದ್ವಿ.”

ಹೆಂಡತಿಯ ಮೇಲಿದ್ದ ಹೊಟ್ಟೆಕಿಚ್ಚು, ಎಂದೋ ತೀರಿಹೋದ ಆ ಮುದುಕಿಯ ಕಡೆಗೆ ತಿರುಗಿದ್ದನ್ನು ನಾನು ಅವರ ಮುಖದಲ್ಲಿ ಕಂಡೆ. ನೋಟುಬುಕ್ಕು ಮುಚ್ಚಿ, “ಹೆಸರೇನು ಆಕೀದು?” ಎಂದರು.

“ಅಸುಂತಾ.”

ಹಿಮ ಬಿದ್ದ ದಿನವನ್ನು ಅವರು ತಿದ್ದಲಿಲ್ಲ. ‘ಮುದುಕಿಯೊಬ್ಬಳು’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಅಸುಂತಾ’ ಎಂದು ಬರೆದರು. ಅಕ್ಷರ ಮಾತ್ರ ಬಹಳ ಸಣ್ಣದಾಗಿತ್ತು.