ರಾಣಿಯ ಮಾತನ್ನು ತಿದ್ದಿದ್ದು

ಚಂದ್ರಕಲಾ, ನಿನ್ನ ಅವ್ವ ನಿನ್ನೊಂದಿಗೆ ಮಾತು ಕಡಿಮೆ ಮಾಡಿದ್ದಕ್ಕೆ ಕಾರಣ ನಾನು. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಹೋದ ತಿಂಗಳು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನೀನೇ ನನ್ನ ಗುರುತು ಹಿಡಿದು ಬಂದು ಕಾಲು ಮುಟ್ಟಿದೆ. ನರ್ಸ್ ಆಗಿದ್ದೀನಿ ಎಂದೆ, ಚನ್ನರಾಯಪಟ್ಟಣದಲ್ಲಿ ಮನೆ ಮಾಡಿ ಅವ್ವನನ್ನೂ ಕರೆದುಕೊಂಡು ಬಂದಿದ್ದೀನಿ ಎಂದೆ. ಅವ್ವ ಹೇಗಿದ್ದಾರೆ ಎಂದು ಕೇಳಿದ್ದಕ್ಕೆ, "ಚೆನ್ನಾಗಿದ್ದಾರೆ ಮೇಡಂ. ಆದರೆ ನಾನು ಹೈಸ್ಕೂಲಿಗೆ ಬಂದಮೇಲೆ ನನ್ನ ಹತ್ತಿರ ಮಾತೇ ಕಮ್ಮಿ ಮಾಡಿಬಿಟ್ಟರು. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ" ಎಂದೆ. ಅಷ್ಟರಲ್ಲಿ ನನ್ನ ಬಸ್ಸು ಬಂತು. ನಾನು ಹತ್ತಿಬಿಟ್ಟೆ — ಹತ್ತಬಾರದಿತ್ತು.

ಒಂಬತ್ತನೇ ತರಗತಿಯ ಆ ನಾಟಕ ನಿನಗೆ ನೆನಪಿರಲೇಬೇಕು. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಹಳೆಯ ನಾಟಕ, ಯುದ್ಧಕ್ಕೆ ಹೊರಟ ಮಗನನ್ನು ತಡೆಯುವ ರಾಣಿಯದು. ಪಾಠವಾಗಿ ಓದಿದಾಗ ಹೊಳೆನರಸೀಪುರದ ನಮ್ಮ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿ ತೂಕಡಿಸಿದ್ದರು. ಓದುವುದು ಬೇಡ, ಎದ್ದು ನಿಂತು ಆಡೋಣ ಎಂದು ನಾನೇ ಬೆಂಚುಗಳನ್ನು ಗೋಡೆಗೆ ಸರಿಸಿದೆ. ಕಷ್ಟದ ಮಾತುಗಳನ್ನು ಮೊದಲು ನಿಮ್ಮ ನಿಮ್ಮ ಮಾತಿನಲ್ಲಿ ಹೇಳಿ ಎಂದೆ. ನೀನು ಎದ್ದೆ. ಎಣ್ಣೆ ಹಚ್ಚಿ ಬಿಗಿದ ಜಡೆ, ಅಕ್ಕನ ಹಳೆಯ ಯೂನಿಫಾರ್ಮು. ಮಗನ ಪಾತ್ರದ ಹುಡುಗ ಬಾಗಿಲ ಕಡೆ ಹೊರಟಿದ್ದ.

"ಓಗ್ಬ್ಯಾಡ ಕಣ್ಲಾ ಮಗನೆ. ಅರಸನ ಅಟಕ್ಕೆ ನಿನ್ನ ಉಸ್ರು ಕೊಡ್ಬ್ಯಾಡ."

ಆ ಹುಡುಗ ನಿಜವಾಗಿಯೂ ನಿಂತುಬಿಟ್ಟ. ಅಲ್ಲಿಯವರೆಗೆ ಕಾಗದದ ಮೇಲಿದ್ದ ರಾಣಿ ನಮ್ಮೂರ ತಾಯಿಯಾಗಿ ಎದುರಿಗೆ ನಿಂತಿದ್ದಳು. ಆ ವರ್ಷ ಮಕ್ಕಳಿಗೆ ನಾಟಕ ಅರ್ಥವಾಗಿದ್ದು ನನ್ನ ಪಾಠದಿಂದ ಅಲ್ಲ.

ನಾನು ಅಲ್ಲಿಗೇ ಬಿಡಬೇಕಿತ್ತು. ಹಾಸನದಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ ಇದೆ ಎಂದು ಗೊತ್ತಾಯಿತು. ನಿನ್ನನ್ನೇ ರಾಣಿ ಮಾಡಿದೆ, ಮತ್ತು ನಿನ್ನ ನಾಲಿಗೆಯನ್ನು ತಿದ್ದಲು ಕೂತೆ. ಹಕಾರ ಬಿಟ್ಟಾಗಲೆಲ್ಲ ಎಲ್ಲರೆದುರು ನಿಲ್ಲಿಸಿ ಮತ್ತೆ ಹೇಳಿಸಿದೆ. ಮಕ್ಕಳು ನಿನ್ನನ್ನು 'ಓಗ್ಬ್ಯಾಡ ರಾಣಿ' ಎಂದು ಕರೆಯತೊಡಗಿದರು. ನಾನು ಕೇಳಿಯೂ ಕೇಳದವಳಂತೆ ಇದ್ದೆ. ನೀನು ಅಳಲಿಲ್ಲ. ಇನ್ನಷ್ಟು ಕಲಿತೆ — ಎಷ್ಟು ಕಲಿತೆ ಎಂದರೆ, ಎಲ್ಲಿ ಹಕಾರ ಬೇಕು, ಎಲ್ಲಿ ಬೇಡ ಎಂಬುದೇ ನಿನಗೆ ತಿಳಿಯದಂತಾಯಿತು. ಹೆದರಿದ ನಾಲಿಗೆ ಎಲ್ಲ ಕಡೆಯೂ ಅದನ್ನು ಹಚ್ಚತೊಡಗಿತು.

ಸ್ಪರ್ಧೆಯ ದಿನ ನಿನ್ನ ಅವ್ವ ಕೂಲಿ ಬಿಟ್ಟು ನಮ್ಮ ಜೊತೆ ಬಸ್ಸು ಹತ್ತಿದರು. ಸ್ಟೀಲ್ ಡಬ್ಬಿಯಲ್ಲಿ ಎಲ್ಲರಿಗೂ ಚಿತ್ರಾನ್ನ ತಂದಿದ್ದರು. ನಿನ್ನ ಸರದಿ ಬಂತು. ಕೈ ಚಾಚಿ, ಕತ್ತೆತ್ತಿ ನೀನು ಹೇಳಿದೆ:

"ಹೋಗಬೇಡ ಮಗನೇ. ಹರಸನ ಹಠಕ್ಕೆ ನಿನ್ನ ಹುಸಿರು ಕೊಡಬೇಡ."

ಸಭೆ ನಕ್ಕಿತು. ಮೊದಲು ಯಾರೋ ಒಬ್ಬರು, ಆಮೇಲೆ ಎಲ್ಲರೂ. ನೀನು ನಿಲ್ಲಿಸಲಿಲ್ಲ. ಕೊನೆಯವರೆಗೂ ಅದೇ ರೀತಿ ಹೇಳಿ ಮುಗಿಸಿದೆ.

ಪರದೆಯ ಹಿಂದಕ್ಕೆ ತೀರ್ಪುಗಾರರೊಬ್ಬರು ಬಂದರು. ಒಳ್ಳೆಯ ಮನುಷ್ಯ. ಈ ಮಗುವಿನ ಅಭಿನಯ ಬಹಳ ಚೆನ್ನಾಗಿದೆ, ಉಚ್ಚಾರಣೆ ಯಾಕೆ ಹೀಗಾಯಿತು ಎಂದು ಮೃದುವಾಗಿಯೇ ಕೇಳಿದರು. ನಾನು ತಿದ್ದಿ ಕೆಡಿಸಿದೆ ಎಂದು ಹೇಳಬಹುದಿತ್ತು. ಅದೇ ಸತ್ಯ. ನನ್ನ ಬಾಯಿಂದ ಬಂದದ್ದು ಬೇರೆ:

"ಎಷ್ಟು ಹೇಳಿಕೊಟ್ಟರೂ ಅಷ್ಟೇ ಸಾರ್. ಮನೆಯಲ್ಲಿ ಅಂಥ ಭಾಷೆ. ಅದನ್ನೇ ಕೇಳಿ ಬೆಳೆದ ಮಕ್ಕಳಿಗೆ ನಾಲಿಗೆ ಹೊರಳುವುದಿಲ್ಲ."

ನೀನು ಅಷ್ಟು ದೂರದಲ್ಲಿ ಕಿರೀಟ ಬಿಚ್ಚುತ್ತಿದ್ದೆ, ಕೇಳಿಸಿಕೊಂಡೆಯೋ ಇಲ್ಲವೋ ಗೊತ್ತಿಲ್ಲ. ನಿನ್ನ ಅವ್ವ ನನ್ನ ಬೆನ್ನ ಹಿಂದೆಯೇ ನಿಂತಿದ್ದರು, ನೀರಿನ ಬಾಟಲಿ ಹಿಡಿದುಕೊಂಡು.

ವಾಪಸು ಬರುವಾಗ ಬಸ್ಸಿನಲ್ಲಿ ನೀನು ಕಿಟಕಿಗೆ ತಲೆಯಾನಿಸಿ ಮಲಗಿದ್ದೆ. ಅವರು ಕಂಬಿ ಹಿಡಿದು ನನ್ನ ಸೀಟಿನ ಹತ್ತಿರ ಬಂದರು. ನನ್ನನ್ನು ಬೈಯಲು ಬಂದರೆಂದುಕೊಂಡೆ. ಬೈದಿದ್ದರೆ — ಎಷ್ಟೋ ವಾಸಿಯಿತ್ತು.

"ತಪ್ಪು ನಮ್ದೇ ಮೇಡಮ್ಮೋರೆ. ನಮ್ ಮಾತೇ ಇಂಗೆ, ಏನ್ ಮಾಡಾದು. ಇನ್ಮೇಕೆ ಮಗೀನ್ ಮುಂದೆ ಜಾಸ್ತಿ ಮಾತಾಡಾಕಿಲ್ಲ. ನೀವು ಮಾತ್ರ ಅವಳ್ನ ಕೈ ಬಿಡ್ಬ್ಯಾಡಿ."

ನಾನು ಏನು ಮಾಡಿದೆ ಗೊತ್ತೇ? ತಲೆಯಾಡಿಸಿದೆ. ಒಪ್ಪಿಕೊಂಡವಳ ಹಾಗೆ.

ಚಂದ್ರಕಲಾ, ಇದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ನಾನು ಹುಟ್ಟಿದ್ದು ಹಿರೀಸಾವೆ ಹತ್ತಿರದ ಹಳ್ಳಿಯಲ್ಲಿ. ನನ್ನ ಅವ್ವನೂ ನಿನ್ನ ಅವ್ವನ ಹಾಗೆಯೇ ಮಾತಾಡುತ್ತಿದ್ದಳು. ಓದಲು ಹಾಸನದ ಹಾಸ್ಟೆಲಿಗೆ ಬಂದ ದಿನ ಇದಕ್ಕೆ ಮುಂಚೆ ಯಾವ ಪೇಟೆಗೆ ಹೋಗಿದ್ದೆ ಎಂದು ಯಾರೋ ಕೇಳಿದರು, "ಆಸನಕ್ಕೆ" ಎಂದೆ. ಎಲ್ಲಿ ಆಸನ, ಕೂತುಕೋ ಎಂದು ಹುಡುಗಿಯರು ನಕ್ಕರು. ಅಂದಿನಿಂದ ನನ್ನ ಮಾತನ್ನು ನಾನೇ ಉಜ್ಜಿ ಉಜ್ಜಿ ತೊಳೆದೆ. ಮೇಡಂ ಆದ ಮೇಲೆ ಅವ್ವ ಶಾಲೆ ನೋಡಬೇಕು ಎಂದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿದೆ. ನೋಡದೆಯೇ ತೀರಿಕೊಂಡಳು. ನಿನ್ನ ಬಾಯಲ್ಲಿ ಆ ಮಾತು ಕೇಳಿದಾಗ ನನಗೆ ತಪ್ಪು ಕೇಳಿಸಿರಲಿಲ್ಲ, ನಮ್ಮ ಮನೆ ಕೇಳಿಸಿತ್ತು. ಅದರ ಬಾಯಿ ಮುಚ್ಚಿಸಿದೆ. ನಗೆಗೀಡಾದ ನೋವು ಗೊತ್ತಿದ್ದವಳೇ ನಿನ್ನನ್ನು ನಗುವವರ ಮುಂದೆ ನಿಲ್ಲಿಸಿದೆ. ಹೀಗೆ ಹೇಳಿದರೆ ನೀನು ಕನಿಕರಪಟ್ಟೀಯ ಎಂದು ಭಯ. ಕನಿಕರ ಬೇಡ.

ಮರುವರ್ಷ ನೀನು ಪಾತ್ರ ಬೇಡ ಎಂದೆ. ಪರದೆ ಎಳೆಯುತ್ತೇನೆ ಎಂದೆ. ನಾನು ಒತ್ತಾಯಿಸಲಿಲ್ಲ, ಮನಸ್ಸಿಗೆ ಹಗುರವೇ ಆಯಿತು. ಆಮೇಲೂ ಎಷ್ಟೋ ಮಕ್ಕಳಿಗೆ ನಾಟಕ ಆಡಿಸಿದೆ, ಹಾರ ಹಾಕಿಸಿಕೊಂಡೆ, ನಿವೃತ್ತಳಾದೆ.

ನಿನ್ನೆ ನೀನು ಡ್ಯೂಟಿಗೆ ಹೋಗಿದ್ದಾಗ, ಆಸ್ಪತ್ರೆಯಲ್ಲಿ ವಿಳಾಸ ಕೇಳಿಕೊಂಡು ಚನ್ನರಾಯಪಟ್ಟಣದ ನಿಮ್ಮ ಮನೆಗೆ ಹೋಗಿದ್ದೆ. ನಿನ್ನ ಅವ್ವ ಅವರೆಕಾಯಿ ಸುಲಿಯುತ್ತಿದ್ದರು. ಗಾಬರಿಯಿಂದ ಎದ್ದು ಕುರ್ಚಿ ಹಾಕಿದರು. ನಾನು ನೆಲದ ಮೇಲೆ ಕೂತೆ. ಅವತ್ತು ಪರದೆಯ ಹಿಂದೆ ನಾನು ಹೇಳಿದ್ದು ಸುಳ್ಳು, ಮಗು ಎಡವಿದ್ದು ನಿಮ್ಮ ಮಾತಿನಿಂದಲ್ಲ ಎಂದು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ತಿಳಿಯದೆ ನಮ್ಮೂರ ಮಾತಿಗೆ ಬಂದಿದ್ದೆ. ಅವರ ಕೈ ನಿಂತಿತು. ನನ್ನ ಮುಖ ನೋಡಿದರು.

"ನೀವೂ ನಮ್ ಕಡೆಯೋರೇಯಾ?" ಎಂದರು. "ಅಂಗಾರೆ ಅವತ್ತೇ ಯಾಕ್ ಏಳ್ಲಿಲ್ಲ? ನಾನು ಮಗೀನ್ ಜೊತೆ ಮಾತಾಡ್ಕಂಡಿರ್ತಿದ್ದೆ."

ಕೋಪವಿರಲಿಲ್ಲ ಅವರಲ್ಲಿ. ಲೋಟದಲ್ಲಿ ಕಾಫಿ ತಂದಿಟ್ಟರು, ಅದು ಆರಿತು. ನಾನು ಅವರ ಮುಂದಿದ್ದ ಅವರೆಕಾಯಿ ಎಳೆದುಕೊಂಡು ಸುಲಿಯತೊಡಗಿದೆ. ಮನೆಗೆ ಬಂದು ಇದನ್ನು ನಿನಗೆ ಬರೆಯಲು ಕೂತೆ.