ಬೇಕರಿಯ ಅಜ್ಜಿ ಕೇಳಿದ ಬಾಸ್

ಆರ್ಥಿಕ ಹಿಂಜರಿತದಲ್ಲಿ ತಮ್ಮನ ಕೆಲಸ ಹೋದಾಗ ನಾನು ಒಂದು ಫೋನೂ ಮಾಡಲಿಲ್ಲ. ಎಂಟನೇ ಕ್ಲಾಸಿಗೇ ಓದು ಬಿಟ್ಟವಳು ಇಂಜಿನಿಯರಿಗೆ ಏನು ಸಮಾಧಾನ ಹೇಳಲಿ ಎಂದು ಅಳುಕಿದೆ. ಈಗ ಹೊಸ ಕೆಲಸ ಸಿಕ್ಕ ಖುಷಿಯಲ್ಲಿ ಅವನು ನನ್ನನ್ನು ಷಿಕಾಗೋದಿಂದ ವಿಕ್ಸಮ್ ಎಂಬ ಊರಿನ ತನ್ನ ಮನೆಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದಾನೆ.

ದಾರಿಯ ಬೇಕರಿಯಲ್ಲಿ ಡಚ್ ಮೂಲದ ಅಜ್ಜಿ, "ಇಬ್ಬರಲ್ಲಿ ಬಾಸ್ ಯಾರು?" ಎಂದರು. ನಾವು ಆಟೋದವರನ್ನೂ ಕರೆಯುವ ಆ ಪದ ಅವರ ಭಾಷೆಯದಂತೆ. ಮೊದಲು ಅದರ ಅರ್ಥ ಚಿಕ್ಕಪ್ಪ ಅಂತಲೋ ಏನೋ, ಆಮೇಲೆ ಯಜಮಾನ ಅಂತಾಯಿತಂತೆ. ಒಡೆಯ ಎನ್ನಲೊಲ್ಲದ ಅಮೆರಿಕದ ಕೆಲಸಗಾರರು ಅದನ್ನೇ ಹಿಡಿದರಂತೆ. ಅಜ್ಜಿ ಹೇಳಿದ ಇದನ್ನೆಲ್ಲ ತಮ್ಮ ನನಗೆ ಕನ್ನಡದಲ್ಲಿ ಹೇಳಿದ.

"ಹಾಗಾದ್ರೆ ನಿನ್ನ ಕೆಲಸದಿಂದ ತೆಗೆದಿದ್ದು ಚಿಕ್ಕಪ್ಪಾನೇ ಅನ್ನು!" ಎಂದೆ.

ಅವನು ಬಿದ್ದು ಬಿದ್ದು ನಕ್ಕು, ಬಾಸ್ ಇವಳೇ ಎಂದು ಅಜ್ಜಿಗೆ ನನ್ನನ್ನೇ ತೋರಿಸಿದ.

"ನಿನ್ನ ಕೆಲಸ ಹೋದಾಗ ನಾನು ಫೋನ್ ಮಾಡ್ಬೇಕಿತ್ತು ಕಣೋ," ಎಂದೆ. "ತಪ್ಪಾಯ್ತು."